ಹೇಮದ್ವೀಪದ ಮೇಲ್ಮನೆ

ನಾವು ಕಟ್ಟಿದ ದೇಶದ ಹೆಸರು ಹೇಮದ್ವೀಪ. ಸಮುದ್ರ ನೋಡಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲವಾದ್ದರಿಂದ ಆ ದ್ವೀಪವನ್ನು ಹೊಳೆನರಸೀಪುರದ ಹೊಳೆಯ ನಡುವೆಯೇ ಇಟ್ಟುಕೊಂಡಿದ್ದೆವು. ತೊಂಬತ್ತರ ದಶಕದ ಮಾತು. ನಾನಾಗ ಎರಡನೇ ಪಿಯುಸಿ. ಅಣಕು ಸಂಸತ್ತಿನ ಸ್ಪರ್ಧೆಗೆ ಚನ್ನರಾಯಪಟ್ಟಣದವರು ದೆಹಲಿಯ ಸಂಸತ್ತನ್ನೇ ಇಳಿಸಿಕೊಂಡು ಬರುತ್ತಾರಂತೆ ಎಂಬ ಸುದ್ದಿ ಕೇಳಿ ನಮ್ಮ ರಾಜ್ಯಶಾಸ್ತ್ರದ ಮೇಷ್ಟ್ರಿಗೆ ರೋಷ ಬಂತು. ನಾವು ಇಲ್ಲದ ದೇಶವನ್ನೇ ಮಾಡೋಣ, ಕಾನೂನು ಮಾಡುವ ಪದ್ಧತಿಯನ್ನೂ ನೀವೇ ಬರೆಯಿರಿ ಎಂದರು. ಬರೆಯುವ ಕೆಲಸ ನನ್ನ ಕುತ್ತಿಗೆಗೆ ಬಿತ್ತು. ಕ್ಲಾಸಿನಲ್ಲಿ ಬಾಯಿ ಮುಚ್ಚದವಳು ನಾನೊಬ್ಬಳೇ ಇದ್ದೆ.

ಹೇಮದ್ವೀಪಕ್ಕೆ ಎರಡು ಮನೆ. ಕೆಳಮನೆಯಲ್ಲಿ ನಾವು ವಿದ್ಯಾರ್ಥಿಗಳು. ಮೇಲ್ಮನೆಯಲ್ಲಿ ಊರಿನ ನಿಜವಾದ ಹಿರಿಯರು. ಹಿರಿಯರನ್ನು ಕರೆಯದೆ ನಮ್ಮಲ್ಲಿ ಒಂದು ನಾಮಕರಣವೂ ನಡೆಯುವುದಿಲ್ಲ, ಇನ್ನು ದೇಶ ನಡೆದೀತೇ? ಮೇಲ್ಮನೆಯವರು ಮಸೂದೆಯನ್ನು ಒಂದು ಸಲ ಹಿಂದಕ್ಕೆ ಕಳಿಸಬಹುದು, ಕೆಳಮನೆ ಮತ್ತೆ ಒಪ್ಪಿದರೆ ಬ್ರಹ್ಮ ಬಂದರೂ ತಡೆಯುವಂತಿಲ್ಲ. ಒಮ್ಮೆ ಬಿದ್ದ ಮಸೂದೆಯನ್ನು ಅದೇ ಅಧಿವೇಶನದಲ್ಲಿ ಮತ್ತೆ ತರುವಂತಿಲ್ಲ. ಮತ ಹಾಕುವ ಕ್ರಮದಲ್ಲಿ ನಾನೊಂದು ಕಿಲಾಡಿತನ ಮಾಡಿದ್ದೆ. ಒಪ್ಪುವವರು ಸುಮ್ಮನೆ ಕೂತಿರಬೇಕು, ಬೇಡ ಅನ್ನುವವರು ಎದ್ದು ನಿಲ್ಲಬೇಕು. ಎಲ್ಲರೆದುರು ಎದ್ದು ನಿಲ್ಲುವ ಗುಂಡಿಗೆ ನಮ್ಮ ಕ್ಲಾಸಿನಲ್ಲಿ ಯಾರಿಗಿದೆ ಎಂಬುದು ನನ್ನ ಲೆಕ್ಕಾಚಾರ.

ಕಿಲಾಡಿತನಕ್ಕೆ ಕಾರಣವಿತ್ತು. ಅರಕಲಗೂಡಿನಿಂದ ನನಗೊಂದು ಸಂಬಂಧ ಬಂದಿತ್ತು. ನನಗೋ ಹಾಸನಕ್ಕೆ ಹೋಗಿ ಬಿ.ಎ. ಓದುವ ಹುಚ್ಚು. ಅತ್ತದ್ದಾಯಿತು, ಊಟ ಬಿಟ್ಟದ್ದಾಯಿತು. ಅಪ್ಪನಿಗೆ ಪೇಟೆಯಲ್ಲಿ ಜವಳಿ ಅಂಗಡಿ. ಇಲ್ಲ ಅನ್ನದೆಯೇ ಇಲ್ಲ ಅನ್ನುವ ವಿದ್ಯೆ ಅವರಿಗೆ ವ್ಯಾಪಾರದಲ್ಲೇ ಕರಗತವಾಗಿತ್ತು. ಒಂದು ಸಂಜೆ, ಸಂಸತ್ತಿನಲ್ಲಿ ನೀನು ತರುವ ಕಾನೂನು ಯಾವುದು ಎಂದು ಕೇಳಿದರು. ಹುಡುಗಿಯ ಒಪ್ಪಿಗೆಯಿಲ್ಲದೆ ಮದುವೆ ಗೊತ್ತು ಮಾಡುವಂತಿಲ್ಲ ಎಂಬ ಕಾನೂನು ಅಂದೆ. ಜೋರಾಗಿ ನಕ್ಕರು.

“ಆಗ್ಲಿ ಕಣವ್ವ. ನಿನ್ ದೇಸ್ದಲ್ಲಿ ಅದು ಪಾಸಾದ್ರೆ ಅರಕಲಗೂಡ್ನೋರಿಗೆ ಬ್ಯಾಡ ಅಂತ ಯೇಳ್ ಕಳುಸ್ತೀನಿ.”

ಮೇಲ್ಮನೆಯಲ್ಲಿ ತಾವೂ ಕೂರುತ್ತೇನೆಂದರು. ಅಂಗಡಿಯಲ್ಲಿ ಕೊಟ್ಟ ಮಾತಿಗೆ ಎಂದೂ ತಪ್ಪದ ಮನುಷ್ಯ. ನಾನು ಪೂರ್ತಿಯಾಗಿ ನಂಬಿದೆ.

ಸ್ಪರ್ಧೆಗೆ ಮುಂಚೆ ಕಾಲೇಜಿನ ಹಾಲಿನಲ್ಲಿ ಊರವರ ಮುಂದೆ ಒಮ್ಮೆ ಆಡಿ ತೋರಿಸಿದೆವು. ಹಿರಿಯರು ಪಕ್ಕದ ಕೋಣೆಯಲ್ಲಿದ್ದರು. ನನ್ನ ಮಸೂದೆಗೆ ಕೆಳಮನೆಯಲ್ಲಿ ಒಬ್ಬರೂ ಏಳಲಿಲ್ಲ. ಪಾಸಾಗಿ ಪಕ್ಕದ ಕೋಣೆಗೆ ಹೋಯಿತು. ಅಲ್ಲಿಂದ, ಹುಡುಗಿಯನ್ನು ಕೇಳಬೇಕಾಗಿಲ್ಲ, ತಿಳಿಸಿದರೆ ಸಾಕು ಎಂಬ ತಿದ್ದುಪಡಿಯೊಂದಿಗೆ ಹಿಂದಕ್ಕೆ ಬಂತು. ಅದು ನನಗೆ ಗೊತ್ತಿದ್ದದ್ದೇ. ಇನ್ನೊಂದು ಮತ, ಅಷ್ಟೇ. ಹಾಸನದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವಳ ಹಾಗೆ ನಾನು ಮುಂದಿನ ಬೆಂಚಿನಲ್ಲಿ ಕೂತಿದ್ದೆ.

ಸಭಾಪತಿಯಾಗಿದ್ದ ನಮ್ಮ ಕ್ಲಾಸಿನ ಹುಡುಗ, ಮೂಲ ಮಸೂದೆಯನ್ನು ವಿರೋಧಿಸುವವರು ಎದ್ದು ನಿಲ್ಲಬೇಕು ಎಂದು ಓದಿದ. ಅದೇ ಹೊತ್ತಿಗೆ ಬಾಗಿಲಲ್ಲಿ ಮೇಲ್ಮನೆ ಕಾಣಿಸಿಕೊಂಡಿತು. ತಮ್ಮ ಕೆಲಸ ಮುಗಿಯಿತು, ಮಕ್ಕಳು ಏನು ಮಾಡುತ್ತವೋ ನೋಡೋಣ ಎಂದು ಹಿರಿಯರೆಲ್ಲ ಎದ್ದು ಬಂದಿದ್ದರು. ಮುಂದೆ ಅಪ್ಪ.

ಹಾಲಿಗೆ ಹಾಲೇ ಎದ್ದು ನಿಂತಿತು. ದೊಡ್ಡವರು ಒಳಗೆ ಬಂದರೆ ನಾವು ಏಳುತ್ತೇವೆ, ನಡೆಯಲು ಕಲಿತಂದಿನಿಂದ ಏಳುತ್ತೇವೆ. ನಾನೂ ಎದ್ದಿದ್ದೆ. ಎದ್ದಮೇಲೆ ಗೊತ್ತಾಯಿತು. ಮೇಷ್ಟ್ರು ಕೂತ್ಕೊಳ್ಳಿ ಎಂದು ಕೈಸನ್ನೆ ಮಾಡಿದರು. ಹಿರಿಯರಿಗೆ ಕುರ್ಚಿ ಸಾಲದೆ ಅವರು ನಿಂತೇ ಇದ್ದರು, ಅವರು ನಿಂತಿರುವಾಗ ಕೂರುವುದು ಹೇಗೆ? ನಾನು ಕೂತರೆ ಉಳಿದವರೂ ಕೂತಾರು, ಕೂರಬೇಕು ಎಂದು ನನ್ನೊಳಗೆ ಕೂಗಾಡುತ್ತಿದ್ದೆ. ಅಪ್ಪ ನನ್ನನ್ನೇ ನೋಡುತ್ತಿದ್ದರು. ಮಂಡಿ ಬಗ್ಗಲಿಲ್ಲ. ಸಭಾಪತಿ ಅತ್ತಿತ್ತ ನೋಡಿ, ಮಸೂದೆ ಬಿದ್ದಿದೆ ಎಂದುಬಿಟ್ಟ. ಹಿರಿಯರು ಚಪ್ಪಾಳೆ ತಟ್ಟಿದರು.

ಮನೆಯಲ್ಲಿ ಅಪ್ಪ ಬೈಯಲಿಲ್ಲ, ಹಂಗಿಸಲೂ ಇಲ್ಲ. ನೀನೇ ಎದ್ದು ನಿಂತೆಯಲ್ಲವ್ವ ಎಂದಷ್ಟೇ ಹೇಳಿ ಕಾಲು ತೊಳೆಯಲು ಹೋದರು. ಬಿದ್ದ ಮಸೂದೆಯನ್ನು ಮತ್ತೆ ತರುವಂತಿಲ್ಲ ಎಂದು ಬರೆದವಳು ನಾನೇ, ಯಾರ ಮೇಲೆ ಜಗಳ ಮಾಡಲಿ? ಬೇಸಿಗೆಯಲ್ಲಿ ಮದುವೆಯಾಯಿತು. ಅರಕಲಗೂಡಿನವರು ಕೆಟ್ಟವರಲ್ಲ. ಓದಿನ ಮಾತು ಮಾತ್ರ ಅಲ್ಲಿ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ರೊಟ್ಟಿ ತಟ್ಟುವಾಗ, ಮಕ್ಕಳಿಗೆ ಜಡೆ ಹಾಕುವಾಗ ನನ್ನ ಕಾಲನ್ನು ನಾನೇ ಬೈದುಕೊಳ್ಳುತ್ತಿದ್ದೆ. ಒಂದು ಗಳಿಗೆ ಕೂತಿದ್ದರೆ ಏನಾಗುತ್ತಿತ್ತು ನಿನಗೆ ಎಂದು.

ವರ್ಷಗಳು ಉರುಳಿ, ಎರಡು ಸಾವಿರದ ಇಸವಿಯೂ ದಾಟಿದ ಮೇಲೆ, ಅಪ್ಪನ ಕಣ್ಣಿನ ಪೊರೆ ತೆಗೆಸಿಕೊಂಡು ಹಾಸನದಿಂದ ಹೊಳೆನರಸೀಪುರಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆವು. ಒಂದು ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಯಾಕೋ ಬಾಯಿಗೆ ಬಂತು, ಕೇಳಿಯೇಬಿಟ್ಟೆ. ಅವತ್ತು ನಾನು ಕೂತಿದ್ದಿದ್ದರೆ ನಿಜವಾಗಿ ಓದಿಸುತ್ತಿದ್ದಿರಾ ಅಂದೆ. ಅವರಿಗೆ ಮೊದಲು ನೆನಪೇ ಆಗಲಿಲ್ಲ. ಹೇಮದ್ವೀಪ ಎಂದಮೇಲೆ ಮುಖ ಅರಳಿತು.

“ಅಯ್ಯೋ, ಅದಾ. ಅವತ್ಗಾಗ್ಲೇ ಅರಕಲಗೂಡ್ನೋರ್ ಜೊತೆ ತಾಂಬೂಲ ಬದ್ಲಾಯ್ಸ್‌ಬುಟ್ಟಿದ್ವಿ ಕಣವ್ವ.”

ಮದುವೆಯ ಮಾತನ್ನು ಗಟ್ಟಿ ಮಾಡುವ ತಾಂಬೂಲ ನನಗೆ ಗೊತ್ತಿಲ್ಲದೆಯೇ ಆಗಿತ್ತು. ಅಮ್ಮನಿಗೆ ಗೊತ್ತಿತ್ತು. ಚಪ್ಪಾಳೆ ತಟ್ಟಿದವರಿಗೆಲ್ಲ ಗೊತ್ತಿತ್ತೋ ಏನೋ. ಇಷ್ಟು ವರ್ಷ ಬೈದುಕೊಳ್ಳಲಿಕ್ಕಾದರೂ ನನ್ನದು ಅಂತ ಒಂದು ತಪ್ಪು ಇತ್ತು. ಅದೂ ನನ್ನದಲ್ಲ ಎಂದಾಗ ಎದೆಯೊಳಗೆ ಏನೂ ಉಳಿಯಲಿಲ್ಲ. ಹಾಗಾದರೆ ಸುಳ್ಳು ಆಸೆ ಯಾಕೆ ತೋರಿಸಿದಿರಿ ಎಂದು ಕೇಳಿದೆ.

ಅಪ್ಪ ಪಟ್ಟಿಯಿಲ್ಲದ ಕಣ್ಣನ್ನು ನನ್ನ ಕಡೆ ತಿರುಗಿಸಿ, ತುಂಬ ಪ್ರೀತಿಯಿಂದ ಹೇಳಿದರು.

“ಅಷ್ಟ್ ಚೆಂದಾಗಿ ಆಡ್ತಿದ್ದೆ ಕಣವ್ವ ನೀನು. ಯಾಕ್ ಕೆಡುಸ್ಬೇಕು ಅಂತ ಸುಮ್ಕಿದ್ದೆ.”