ಹೊಳೆ ಇಳಿದ ಮೇಲೆ ತೊಳೆದ ಎಲೆಗಳು

ನಮ್ಮ ವಿಜ್ಞಾನದ ಮಾಸ್ತರರ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿಗೆ ಯಾವಾಗಲೂ ಧೂಳು ಮೆತ್ತಿರುತ್ತಿತ್ತು. ಹೊಳೆಆಲೂರಿನ ಸ್ಟೇಷನ್ನಿನಿಂದ ಶಾಲೆಗೆ ನಡೆದು ಬರುವಾಗ, ದಾರಿಬದಿಯ ಗಿಡಗಳ ಎಲೆಗಳನ್ನು ಆ ಎರಡು ಬೆರಳುಗಳ ನಡುವೆ ಹಿಡಿದು, ಮಕ್ಕಳ ಮೂಗು ಒರೆಸಿದಂತೆ ಒರೆಸುತ್ತಿದ್ದರು.

ದ್ಯುತಿಸಂಶ್ಲೇಷಣೆ ಎಂದು ಹಲಗೆಯ ಮೇಲೆ ಬರೆದು, “ಇಷ್ಟುದ್ದ ಹೆಸರು ಪರೀಕ್ಷಾಕ್ಕ ಇರಲಿ” ಎಂದು ನಕ್ಕಿದ್ದರು. “ಎಲಿ ಅಂದ್ರ ಗಿಡದ ಅಡಗಿಮನಿ. ಬೇರು ನೀರು ತರತೈತಿ, ಎಲಿ ಗಾಳಿ ಎಳಕೊಳ್ತೈತಿ, ಬಿಸಲು ಒಲಿ ಹಚ್ಚತೈತಿ. ಆ ಬಿಸಲ ಶಕ್ತಿನ ಸಕ್ಕರಿಯಾಗಿ ಗಿಡದಾಗ ಕೂಡತೈತಿ. ನೀವು ರೊಟ್ಟಿ ತಿಂದ್ರ ಬಿಸಲು ತಿಂದಂಗ.”

ನಾನು ಹತ್ತನೆಯ ತರಗತಿಯಲ್ಲಿದ್ದಾಗ ಮಲಪ್ರಭೆ ಉಕ್ಕಿ ನಮ್ಮ ಮೆಣಸಿನ ಹೊಲದಲ್ಲಿ ನಿಂತಳು. ಹೊಳೆ ಇಳಿದಾಗ ಗಿಡಗಳೇನೋ ನಿಂತೇ ಇದ್ದವು. ಆದರೆ ಒಂದೊಂದು ಎಲೆಗೂ ಬೂದು ರಾಡಿ ಬಳಿದುಕೊಂಡಿತ್ತು. ಅಪ್ಪ ತೀರಿಕೊಂಡ ಮೇಲೆ ಅವ್ವನೇ ಸಾಗಿಸುತ್ತಿದ್ದ ಹೊಲ ಅದು. ಅವಳು ಬದುವಿನ ಮೇಲೆ ಕುಸಿದು ಕೂತಿದ್ದಾಗ ಮಾಸ್ತರರು ಬಂದರು.

“ಅಕ್ಕಾರ, ಎಲಿ ತೊಳೀರಿ. ಬೆಳಕು ಸಿಗಲಾರದ ಗಿಡ ಉಪಾಸ ಅದಾವ. ತೊಳದ್ರ ಉಳಿತಾವ.”

“ಖರೇನ್ರಿ?”

“ಖರೇ ರೀ.”

ಅಕ್ಕಪಕ್ಕದವರು ಗಿಡ ಕಿತ್ತು ಬೇರೆ ಬೀಜ ಬಿತ್ತಿದರು. ನಾವು ಮಾತ್ರ ತೊಳೆದೆವು. ಅವ್ವ ಔಷಧ ಹೊಡೆಯುವ ಪಂಪಿನಲ್ಲಿ ಬರೀ ನೀರು ತುಂಬಿ ಬೆನ್ನಿಗೇರಿಸಿದಳು; ನಾನು ಹಸಿಬಟ್ಟೆ ಹಿಡಿದೆ. ಶಾಲೆ ಬಿಟ್ಟ ಮೇಲೆ ಮಾಸ್ತರರೂ ಪ್ಯಾಂಟು ಮಡಚಿಕೊಂಡು ಕೆಸರಿಗಿಳಿಯುತ್ತಿದ್ದರು. ಹೊಲ ಮತ್ತೆ ಹಸಿರಾಯಿತು. ಅವ್ವ ನಕ್ಕಳು.

ಆಮೇಲೆ ಬಿಸಿಲು ಚುರುಕಾಯಿತು. ಮಧ್ಯಾಹ್ನ ಜೋತುಬಿದ್ದ ಎಲೆಗಳು ಸಂಜೆಯಾದರೂ ಏಳಲಿಲ್ಲ, ಹಳದಿಯಾಗಿ ಉದುರತೊಡಗಿದವು. ಅವ್ವ ಒಂದು ಗಿಡ ಕಿತ್ತಳು. ಬೇರು ಕಪ್ಪಾಗಿ ಕೊಳೆತು ನಾರುತ್ತಿತ್ತು. ಅಷ್ಟರಲ್ಲಿ ಬೇರೆ ಬೀಜ ಬಿತ್ತುವ ಹದವೂ ದಾಟಿಹೋಗಿತ್ತು.

ಅಂದು ಸಂಜೆ ಮಾಸ್ತರರು ಬಂದಾಗ ಅವ್ವ ಆ ಗಿಡವನ್ನು ಅವರ ಮುಂದೆ ಹಿಡಿದಳು. “ನಿಮ್ಮ ಮಾತು ನಂಬಿ ಬಿತ್ತೂದ ಬಿಟ್ಟೆ. ಈಗ ಏನ್ ಮಾಡ್ಲಿ ಹೇಳ್ರಿ?”

ಅವರು ಬೇರನ್ನು ಮೂಸಿ ನೋಡಿದರು. ಮುಖ ಸಣ್ಣದಾಯಿತು. “ತಪ್ಪು ನಂದ್ರಿ ಅಕ್ಕಾರ. ಎಲಿ ಅಷ್ಟ ನೋಡಿದ್ನಿ, ಬೇರು ನೋಡಲಿಲ್ಲ. ನೀರಾಗ ನಿಂತು ಬೇರಿಗೆ ಉಸರು ಸಿಕ್ಕಿಲ್ಲ.”

ಅವ್ವ ಗಿಡವನ್ನು ಅವರ ಕೈಯಲ್ಲೇ ಬಿಟ್ಟು ತಿರುಗಿ ನಡೆದಳು.

ಮರುದಿನ ಅವರು ಅದೇ ಗಿಡವನ್ನು ತರಗತಿಗೆ ತಂದು ಮೇಜಿನ ಮೇಲಿಟ್ಟರು. “ನಾ ನಿಮಗ ಅರ್ಧಾ ಪಾಠ ಹೇಳಿದ್ದೆ. ಬೇರು ಸತ್ತ ಮ್ಯಾಲೆ ಎಷ್ಟು ಬಿಸಲು ಬಿದ್ರೂ ಎಲಿ ಅಡಗಿ ಮಾಡಾಂಗಿಲ್ಲ. ಇದು ಗೊತ್ತಿದ್ದೂ ಮರೆತೆ. ಒಬ್ಬರ ಹೊಲ ಹೋತು.” ಕಿಟಕಿಯ ಕಡೆ ತಿರುಗಿ ನಿಂತರು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಆ ಚಳಿಗಾಲ ಅವ್ವ ಕಂಡವರ ಹೊಲಕ್ಕೆ ಕೂಲಿಗೆ ಹೋದಳು. ಮಾಸ್ತರರು ಆಗಾಗ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಅವ್ವ ನೀರು ಕೊಡುತ್ತಿದ್ದಳು, ಮಾತು ಕೊಡುತ್ತಿರಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಅವ್ವ ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ನಾನು ಹೋಗುವಷ್ಟರಲ್ಲಿ ಅವಳು ಅವರ ಹೆಂಡತಿಯ ಕೈ ಹಿಡಿದು ಕೂತಿದ್ದಳು.

“ಗಂಡ ಸತ್ತ ಮ್ಯಾಲೆ ನನಗ ಬುದ್ಧಿ ಹೇಳಾಕ ಬಂದವರು ಭಾಳ ಮಂದಿ ಅದಾರ್ರಿ ತಂಗಿ,” ಎಂದಳು. “ಹೇಳಿದ್ದು ತಪ್ಪಾತು ಅಂದವರು ಇವರೊಬ್ಬರ.”