ಮೆಣಸಿನಕಾಯಿಯ ನಂತರದ ರಾಗಿ

ಕ್ಷಮೆಗಿಂತ ದೊಡ್ಡ ಧರ್ಮವಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರ ಮನೆಯ ರಾಗಿಯನ್ನು ಯಾರೂ ಒಣಮೆಣಸಿನಕಾಯಿ ಬೀಸಿದ ಕಲ್ಲಿಗೆ ಸುರಿದಿರಲಿಕ್ಕಿಲ್ಲ.

ನಮ್ಮ ತಾತ ಹಾಸನದ ಕಡೆಯಿಂದ ಶಿರಂಗಾಲದ ಬಳಿಗೆ ಬಂದು ಜಮೀನು ಮಾಡಿದಾಗ ಅಂಚಿನ ಹಳ್ಳಕ್ಕೆ ಒಂದು ನೀರಿನ ಗಿರಣಿ ಕಟ್ಟಿದ್ದರು. ಹಳ್ಳ ಮರದ ಚಕ್ರವನ್ನು ತಿರುಗಿಸುತ್ತಿತ್ತು, ಚಕ್ರ ಬೀಸುವ ಕಲ್ಲನ್ನು. ಊರಿಗೆ ಕರೆಂಟ್ ಮಿಲ್ಲು ಬಂತು, ಗಿರಾಕಿಗಳು ಅತ್ತ ಹೋದರು, ಚಕ್ರ ಲಡ್ಡಾಗಿ ಮುರಿಯಿತು. ಕೊನೆಗೆ ಅಮ್ಮನೂ ರಾಗಿ ಹೊತ್ತು ಆ ಮಿಲ್ಲಿನ ಬಾಗಿಲಲ್ಲಿ ನಿಲ್ಲಬೇಕಾಯಿತು.

ಮೆಣಸಿನಕಾಯಿ ಬೀಸಿದ ಮೇಲೆ ತಿಳಿದವರು ಒಂದಿಷ್ಟು ನುಚ್ಚಕ್ಕಿ ಹಾಕಿ ಕಲ್ಲಿನ ಖಾರ ತೆಗೆಯುತ್ತಾರೆ. ಅಲ್ಲಿ ನುಚ್ಚಕ್ಕಿಯ ಹುದ್ದೆಯನ್ನು ನಮ್ಮ ಮನೆಯ ರಾಗಿ ಬಹುಕಾಲ ನಿರ್ವಹಿಸಿತು. ಒಮ್ಮೆ ಅಮ್ಮ ಕೇಳಿಯೇಬಿಟ್ಟಳು.

“ನೀರಿನ ಗಿರಣಿಯೋರಲ್ವ ಅಕ್ಕ, ತಣ್ಣಗಿರ್ತೀರ. ಒಂಚೂರು ಬಿಸಿ ಇರ್ಲಿ ಅಂತ,” ಎಂದ ಮಿಲ್ಲಿನವ. ಸಾಲಿನಲ್ಲಿದ್ದವರೆಲ್ಲ ನಕ್ಕರು.

ಆ ದಿನ ಅಪ್ಪ ಮುದ್ದೆ ನುಂಗಿ, ಕಣ್ಣೊರೆಸಿಕೊಂಡು, “ಸಾರು ಖಾರ ಆಯ್ತು ಕಣೇ,” ಎಂದರು. ತಟ್ಟೆಯಲ್ಲಿದ್ದದ್ದು ಮಜ್ಜಿಗೆ.

ಅಮ್ಮತ್ತಿಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಮುಗಿಸಿ ಊರಿಗೆ ಬಂದವನೇ ನಾನು ಗಿರಣಿಗೆ ಕೈಹಾಕಿದೆ. ಹೂಳು ತೆಗೆಸಿದೆ, ಮತ್ತಿಮರದ ಹೊಸ ಚಕ್ರ ಮಾಡಿಸಿದೆ, ನುಣುಪಾಗಿದ್ದ ಕಲ್ಲಿಗೆ ಉಳಿ ಹಿಡಿದು ಹಲ್ಲು ಮೂಡಿಸಿದೆ. ನೋಡಲು ಬಂದವರು ‘ಪರಂಪರೆಯ ರಕ್ಷಣೆ’ ಎಂದು ಹೊಗಳಿದರು. ನಾನು ತಿದ್ದಲಿಲ್ಲ. ನನಗೆ ಬೇಕಾಗಿದ್ದದ್ದು ಆ ಮಿಲ್ಲಿನವ ಚೀಲ ಹೊತ್ತು ನಮ್ಮ ಬಾಗಿಲಲ್ಲಿ ನಿಲ್ಲುವುದು, ಅಷ್ಟೆ.

ಕಳೆದ ಮಳೆಗಾಲದಲ್ಲಿ ಕಂಬಗಳು ಉರುಳಿ ವಾರಗಟ್ಟಲೆ ಕರೆಂಟ್ ಇರಲಿಲ್ಲ. ಅವನ ಮಿಲ್ಲು ಮಲಗಿತು. ನಮ್ಮ ಹಳ್ಳ ತುಂಬಿ ಹರಿಯುತ್ತಿತ್ತು. ಒಂದು ಬೆಳಿಗ್ಗೆ ಅವನೇ ಬಂದ, ಬಗಲಲ್ಲಿ ರಾಗಿ ಚೀಲ.

ಎಷ್ಟೋ ವರ್ಷ ಕಾದಿದ್ದೆ. ಆದರೆ ಅವನ ಬಿಳಿ ತಲೆ ಕಂಡು ನಾಚಿಕೆಗೇಡಿನ ಕರುಣೆಯೊಂದು ನನ್ನೊಳಗೆ ತಲೆಯೆತ್ತಿತು. “ಕೊಡಿ, ಈಗಲೇ ಹಾಕ್ತೀನಿ,” ಎಂದೆ.

“ತಡಿಯೋ,” ಎಂದಳು ಅಮ್ಮ ಹಿಂದಿನಿಂದ. ಎಂಬತ್ತು ದಾಟಿದ ಅಮ್ಮ, ಸೆರಗಿನಿಂದ ಮೂಗು ಮುಚ್ಚಿಕೊಂಡು, ಒಂದು ಮೊರ ತುಂಬ ಬ್ಯಾಡಗಿ ಮತ್ತು ಗುಂಟೂರು ಮೆಣಸಿನಕಾಯಿ ಹಿಡಿದು ನಿಂತಿದ್ದಳು. “ಮೊದ್ಲು ನಮ್ದು.”

ಮೆಣಸಿನಕಾಯಿ ಆಯಿತು. ಹಿಂದೆಯೇ ಅವನ ರಾಗಿ ಬಿತ್ತು. ಅವನು ಕೆಮ್ಮುತ್ತ ಒಂದು ಚಿಟಿಕೆ ಹಿಟ್ಟು ನಾಲಿಗೆಗೆ ಹಚ್ಚಿಕೊಂಡ.

“ಏನಕ್ಕ ಇದು?”

“ಕರೆಂಟಿಲ್ದೆ ನಿಮ್ಮನೆ ತಣ್ಣಗಿರ್ತದಲ್ಲ ಅಣ್ಣ. ಒಂಚೂರು ಬಿಸಿ ಇರ್ಲಿ ಅಂತ.”

ಅವನು ಹಿಟ್ಟು ಹೊತ್ತು ಹೋದ. ಮತ್ತೆ ಬರಲಿಲ್ಲ. ನೀರಿನ ಗಿರಣಿಯ ಕಲ್ಲು ನಿಧಾನ; ಖಾರವನ್ನೂ ನಿಧಾನವಾಗಿಯೇ ಬಿಡುತ್ತದೆ ಎಂಬುದು ಅಮ್ಮನಿಗೂ ನನಗೂ ಹೊಳೆದಿರಲಿಲ್ಲ. ಅದನ್ನು ಬಿಡಿಸಲು ಒಂದು ಮೂಟೆ ರಾಗಿ ಬೇಕಾಯಿತು. ಮೂಟೆ ನಮ್ಮದು. ದೀಪಾವಳಿಯವರೆಗೆ ತಿಂದೆವು.