ಮಾವನ ದವಡೆ ಹಲ್ಲು

ಇಂಗ್ಲಿಷರ ಕಾಲದಲ್ಲಿ ಕಾಂಪೌಂಡರ್ ಆಗಬೇಕೆಂದರೆ ಮಡಿಕೇರಿಗೆ ಹೋಗಿ ಪರೀಕ್ಷೆ ಕಟ್ಟಬೇಕಿತ್ತು. ಅದಕ್ಕೆ ಓದಿಕೊಳ್ಳಲೆಂದು ನಾನು ಶನಿವಾರಸಂತೆಯಲ್ಲಿದ್ದ ಸೋದರಮಾವನ ಮನೆಗೆ ಮರಳಿ ಬಂದಿದ್ದೆ. ಅಪ್ಪ ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರು ಮಾವ ಮತ್ತು ಅತ್ತೆ. ಅವರಿಗೆ ಮಕ್ಕಳಿರಲಿಲ್ಲ.

ಆ ವಾರ ಓದುತ್ತಿದ್ದುದು ಹಲ್ಲಿನ ಪಾಠ. ಸಂದಿಯಲ್ಲಿ ಉಳಿದ ಅನ್ನ ಕೊಳೆತು ಹಲ್ಲು ಹುಳುಕಾಗುವುದು, ಹುಳುಕು ಬೇರಿಗಿಳಿದು ಕೀವಾಗುವುದು, ಒಸಡನ್ನು ಹೇಗೆ ಉಜ್ಜಬೇಕೆಂಬುದು. ನಾನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರೆ ಜಗಲಿಯಲ್ಲಿ ಮಾವ ನಗುತ್ತಿದ್ದರು. ಅವರು ಹಲ್ಲುಜ್ಜುತ್ತಿದ್ದುದು ಸುಟ್ಟ ಹೊಗೆಸೊಪ್ಪಿನ ಪುಡಿಯಲ್ಲಿ.

"ಇಷ್ಟೆಲ್ಲಾ ಓದ್ಬೇಕಾ? ನೋಯ್ತು ಅಂದ್ರೆ ಕಿತ್ತು ಬಿಸಾಕಿದ್ರಾಯ್ತು ಕಣಪ್ಪ."

ಅವರ ದವಡೆ ಹಲ್ಲು ಆಗಲೇ ನೋಯುತ್ತಿತ್ತೆಂದು ನನಗೆ ಗೊತ್ತಿರಲಿಲ್ಲ. ಸಂತೆಯ ದಿನ, ಇಕ್ಕಳ ಹಿಡಿದು ಹಲ್ಲು ಕೀಳುವವನ ಮುಂದೆ ಕೂತು ಬಂದರು. ಹಲ್ಲಿನ ತಲೆ ಮಾತ್ರ ಮುರಿದು ಬಂದಿತ್ತು. ಬೇರು ಒಳಗೇ ಉಳಿದಿತ್ತು.

ಮರುದಿನವೇ ಕೆನ್ನೆ ಊದಿತು. ಅತ್ತೆ ತೌಡು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುತ್ತಿದ್ದುದನ್ನು ನೋಡಿ ನಾನು ಪುಸ್ತಕ ಬಿಟ್ಟು ಎದ್ದೆ.

"ಅತ್ತೆ, ಹೊರಗಿಂದ ಶಾಖ ಇಡ್ಬೇಡಿ. ಕೀವು ಗಂಟಲಿಗೆ ಇಳೀತದೆ."

"ಅಯ್ಯೋ, ಬೆಳಗಿಂದ ಇಡ್ತಾನೇ ಇವ್ನಿ," ಎಂದು ಅತ್ತೆ ಗಂಟನ್ನು ಕೆಳಗಿಟ್ಟರು.

ಉಪ್ಪುನೀರು ಮುಕ್ಕಳಿಸಲು ಕೊಟ್ಟೆ. ಮಾವನಿಗೆ ಬಾಯಿ ಬಿಡಲಾಗದೆ ನೀರು ಗದ್ದದ ಮೇಲೆ ಹರಿಯಿತು. ಗದ್ದದ ಕೆಳಗೆ ಮುಟ್ಟಿದರೆ ಹಲಗೆಯಂತೆ ಗಟ್ಟಿ. ನಾಲಿಗೆ ಮೇಲೆದ್ದು ಮಾತು ತೊದಲಾಗಿತ್ತು. ಹಾಗಾದರೆ ಉಸಿರು ಕಟ್ಟಿ ಜೀವ ಹೋಗಬಹುದೆಂದು ನಾನು ಓದಿದ್ದೆ. ತಪ್ಪು ಓದಿರಬಹುದೆಂಬ ಆಸೆಯಿಂದ ಪುಸ್ತಕ ತೆರೆದು ಮತ್ತೆ ನೋಡಿದೆ. ತಪ್ಪಾಗಿರಲಿಲ್ಲ.

ಎತ್ತಿನ ಗಾಡಿ ಕಟ್ಟಿಸಿ ಸೋಮವಾರಪೇಟೆಯ ಡಾಕ್ಟರ ಹತ್ತಿರ ಕರೆದೊಯ್ದೆವು. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ಮಾವ ದಾರಿಯುದ್ದಕ್ಕೂ ನನಗೊರಗಿ ಕೂತೇ ಇದ್ದರು. ಡಾಕ್ಟರು ಗದ್ದದ ಕೆಳಗೆ ಕೊಯ್ದರು. ಕೀವು ಬಂದದ್ದು ಸ್ವಲ್ಪ, ಉಳಿದದ್ದೆಲ್ಲ ನಾರುವ ತೆಳು ನೀರು. ಉಸಿರು ಸಲೀಸಾಯಿತೆಂದು ಅತ್ತೆ ಕೈಮುಗಿದರು. ಮಾರನೆಯ ದಿನ ಜ್ವರ ಏರಿತು. ಬಿಸಿಲು ನೆತ್ತಿಗೆ ಬರುವ ಮುಂಚೆ ಮಾವ ಹೋದರು.

ಮಣ್ಣು ಮಾಡಿ ಬಂದ ಮೇಲೆ ಅತ್ತೆ ನನ್ನನ್ನು ಕೇಳಿದರು.

"ಮಗಾ, ನಾನು ಶಾಖ ಇಟ್ಟಿದ್ಕೇ ಹಿಂಗಾಯ್ತಾ?"

"ಇಲ್ಲ ಅತ್ತೆ. ಬೇರು ಒಳಗೇ ಉಳ್ದಿತ್ತು. ಆಗ್ಲೇ ವಿಷ ಏರಿತ್ತು."

"ನೀನೇ ಹೇಳ್ದೆಯಲ್ಲಪ್ಪ, ಗಂಟಲಿಗೆ ಇಳೀತದೆ ಅಂತ."

ಮತ್ತೆ ಎಷ್ಟು ಬಗೆಯಾಗಿ ಹೇಳಿದರೂ ಅತ್ತೆ ನಂಬಲಿಲ್ಲ.

ಪರೀಕ್ಷೆಗೆ ಹೋಗುವ ಮನಸ್ಸಿರಲಿಲ್ಲ. ಅತ್ತೆಯೇ ರೊಟ್ಟಿ ಕಟ್ಟಿಕೊಟ್ಟು ಕಳಿಸಿದರು. ಮಡಿಕೇರಿಯಲ್ಲಿ ನನ್ನನ್ನು ಹಲ್ಲಿನ ವಿಷಯ ಯಾರೂ ಕೇಳಲಿಲ್ಲ. ಕ್ವಿನೈನ್ ಮದ್ದು ಬೆರೆಸಿ ತೋರಿಸಲು ಹೇಳಿದರು. ಪಾಸಾದೆ.

ಹುದಿಕೇರಿ ಕಡೆಯ ಒಂದು ಎಸ್ಟೇಟಿನಲ್ಲಿ ಕೆಲಸ ಸಿಕ್ಕಿತು. ಅತ್ತೆಯನ್ನು ಜೊತೆಗೇ ಕರೆದುಕೊಂಡು ಹೋದೆ. ಹೊಸ ಮನೆಯಲ್ಲಿ ಬಹಳ ದಿನ ಅವರು ಯಾರೊಡನೆಯೂ ಮಾತಾಡಲಿಲ್ಲ. ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಹಿತ್ತಲು ಅಗೆದು ಸೊಪ್ಪಿನ ಬೀಜ ಚೆಲ್ಲಿದರು.